ಬರ್ಫಕ್ಕೊಂದು ಇಕಾರ

ಒಂದು ಇಕಾರವನ್ನು ತಿದ್ದುವ ಧೈರ್ಯವಿಲ್ಲದೆ ನಾನು ಒಂದು ಇಡೀ ಕಾಡುಹಂದಿಯನ್ನು ಕೆಡಿಸಿದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಈ ಕಥೆ ಹೇಳುವವರು ಬಹಳ ಮಂದಿ ಇದ್ದಾರೆ, ಅವರೆಲ್ಲರ ಕಥೆಯಲ್ಲಿಯೂ ಕತ್ತೆ ನಾನೇ. ನಾನು ಹೇಳಿದರೂ ಕತ್ತೆ ನಾನೇ; ಆದರೆ ಕತ್ತೆಯ ಧ್ವನಿಯನ್ನಾದರೂ ಸರಿಯಾಗಿ ತೆಗೆಯುತ್ತೇನೆ.

ಧ್ವನಿ ತೆಗೆಯುವುದು ನನ್ನ ಚಟ. ಕಸುಬು ಎಂದರೆ ಅಪ್ಪನ ಕಾಳಿನ ಅಂಗಡಿಯಲ್ಲಿ ತಕ್ಕಡಿ ಹಿಡಿಯುವುದು. ಗಿರಾಕಿ ಮೆಟ್ಟಿಲು ಇಳಿಯುವಷ್ಟರಲ್ಲಿ ಅವನ ಹಾಗೆಯೇ ಮೂಗಿನಿಂದ, ಜೋಳಕ್ಕೆ ಹುಳ ಹತ್ತಿದೆಯಲ್ಲ ಎಂದು ಕೊರಗುತ್ತೇನೆ. ಅಪ್ಪ ಮೊದಲು ನಗುತ್ತಾನೆ, ನಕ್ಕು ಮುಗಿದ ಮೇಲೆ ಬೈಯುತ್ತಾನೆ. ಒಮ್ಮೆ ಅಪ್ಪನದೇ ಧ್ವನಿಯಲ್ಲಿ ಒಳಗಿನ ಅವ್ವನಿಗೆ ಚಹಾ ಹೇಳಿ, ಬಂದ ಚಹಾ ಕುಡಿದು, ಬಟ್ಟಲನ್ನು ಅಪ್ಪನ ಮುಂದೆ ಇಟ್ಟಿದ್ದೆ. ಇಂಥ ವಿದ್ಯೆಗೆ ಶಿಕ್ಷೆ ಇಲ್ಲದೆ ಹೋಗುವುದಿಲ್ಲ, ಓದುತ್ತ ಹೋಗಿ.

ಮೊನ್ನೆ ಬಿಸಿಲು ಹೊತ್ತಿನಲ್ಲಿ ಬರ್ಫದ ಗಾಡಿಯವನು ಓಣಿಗೆ ಬಂದ. ಗೋಣಿತಟ್ಟು ಸರಿಸಿ, ಕಟ್ಟಿಗೆಯ ಹೊಟ್ಟು ಕೊಡವಿ, ಮಂಜಿನ ಗಡ್ಡೆ ಒಡೆದು ಕೆಂಪು ಶರಬತ್ತಿಗೆ ಹಾಕಿಕೊಡುತ್ತಿದ್ದ. ಓಣಿಯಲ್ಲಿ ಆಡುತ್ತಿದ್ದ ಒಂದು ಕೂಸು, ಇನ್ನೂ ಮಾತು ಸರಿಯಾಗಿ ಬಾರದ್ದು, ನನ್ನ ಅಂಗಿ ಜಗ್ಗಿ “ಮಾಮಾ, ಬರ್ಫಿ” ಎಂದಿತು. ಎರಡೂ ಕಡೆಯ ಕಟ್ಟೆಗಳು ಒಮ್ಮೆಲೇ ನಕ್ಕವು. ನಾನೂ ನಕ್ಕೆ. ನಗದೆ ಏನು ಮಾಡಲಿ, ನಗು ನನ್ನ ಮೇಲಿನದೇ ಆಗಿತ್ತು.

ನಮ್ಮ ಕಡೆಯ ಮಾತಿನ ಗುಟ್ಟು ನಿಮಗೆ ಗೊತ್ತಿರಬಹುದು. ಮನೆ ನಮಗೆ ಮನಿ, ಶಾಲೆ ಸಾಲಿ, ಬೆಣ್ಣೆ ಬೆಣ್ಣಿ. ಮಾತಿನ ಬಾಲಕ್ಕೆ ಒಂದು ಇ ಕಟ್ಟದಿದ್ದರೆ ಉಂಡು ಕೈ ತೊಳೆಯದ ಹಾಗೆ ಆಗುತ್ತದೆ. ಇದನ್ನೇ ಧಾರವಾಡದವರು ಮಾಡಿದರೆ ಸವಿ ಕನ್ನಡ, ನಾವು ಹುಬ್ಬಳ್ಳಿಯವರು ಮಾಡಿದರೆ ಸಂತೆಯ ಕನ್ನಡ. ಇರಲಿ. ಬರ್ಫಕ್ಕೆ ಬಿದ್ದ ಇಕಾರದ ಕಥೆಗೆ ಬರುತ್ತೇನೆ.

ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಜಾಧವ ಕಾಕಾನದು. ಅರಳೆಯ ದಲಾಲಿ. ಅವನ ಪಡಸಾಲೆಯಲ್ಲಿ ಅಜ್ಜನ ಕಾಲದ ಒಂದು ಬಂದೂಕು ತೂಗುಹಾಕಿತ್ತು. ವರ್ಷಕ್ಕೊಮ್ಮೆ ದಸರೆಯಲ್ಲಿ ಅದನ್ನು ಇಳಿಸಿ, ಎಣ್ಣೆ ಹಚ್ಚಿ, ಕುಂಕುಮವಿಟ್ಟು, ಕಾಯಿ ಒಡೆದು ಮತ್ತೆ ಏರಿಸುವರು. ಅಷ್ಟು ಪೂಜೆ ಉಂಡ ಬಂದೂಕು ಕೊಲ್ಲುವ ಬುದ್ಧಿಯನ್ನು ಎಂದೋ ಬಿಟ್ಟು ಸಾಧುವಾಗಿತ್ತು.

ಅದನ್ನು ಮತ್ತೆ ಸಂಸಾರಕ್ಕೆ ಎಳೆದವರು ಬೆಳಗಾವಿಯ ಬೀಗರು. ಬೀಗರಾಗಲಿದ್ದವರು ಎನ್ನಬೇಕು. ಕಾಕಾನ ಮಗಳು ಶಾಂತಾಳನ್ನು ನೋಡಲು ಬಂದರು, ಒಪ್ಪಿದರು. ಹುಡುಗ ರೈಲ್ವೆಯಲ್ಲಿ ಗುಮಾಸ್ತ, ಹುಡುಗಿಗೂ ಮನಸ್ಸಿತ್ತು. ಎಲ್ಲ ಮುಗಿದು ಊಟಕ್ಕೆ ಕುಳಿತಾಗ ಹುಡುಗನ ತಂದೆ ಮಟನ್ನಿನ ಒಂದು ತುಂಡು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ, ಮೀಸೆಯನ್ನು ಎರಡೂ ಕಡೆಗೆ ಸರಿಮಾಡಿಕೊಂಡರು. ಆ ಮೀಸೆಯ ಧ್ವನಿ ನನಗೆ ಬಹಳ ಚೆನ್ನಾಗಿ ಬರುತ್ತದೆ, ಹೊಟ್ಟೆಯ ತಳದಿಂದ ಎತ್ತಬೇಕು:

“ಜಾಧವರಾವ್, ಇದು ಬಜಾರದ್ದೇನ್ರಿ? ನಮ್ಮ ಘರಾಣ್ಯಾಗ ಬಜಾರದ ಖಂಡಾ ತಿನ್ನೋ ಪದ್ಧತಿ ಇಲ್ಲ. ನಾವು ಹೊಡದದ್ದು ತಿಂತೇವಿ.”

ಆಮೇಲೆ ಕೈ ತೊಳೆಯುವ ತನಕ ಅವರು ಹೊಡೆದ ಹುಲಿ, ಕಾಡುಕೋಣ, ಕಡವೆಗಳು ಆ ಪಡಸಾಲೆಯಲ್ಲಿ ಸಾಲಾಗಿ ಸತ್ತು ಬಿದ್ದವು. ಮಾತುಕತೆ ಮುಗಿಸುವ ಬದಲು, ಮುಂದಿನ ರವಿವಾರ ಮತ್ತೆ ಬರುತ್ತೇವೆ, ಶಿಕಾರಿಯ ಊಟ ಹಾಕಿರಿ, ವೀಳ್ಯ ಬದಲಿಸೋಣ ಎಂದು ಎದ್ದರು. ಒಂದು ಹುಡುಗಿಯ ಮದುವೆ ಹೀಗೆ ಒಂದು ಕಾಡುಪ್ರಾಣಿಯ ಕಾಲಿಗೆ ಕಟ್ಟುಬಿತ್ತು. ಶಾಂತಾ ಒಳಗೆ ಹೋಗಿ ಬಂದೂಕಿಗೆ ತಾನೇ ಊದುಬತ್ತಿ ಹಚ್ಚಿದಳೆಂದು ಅವ್ವ ಹೇಳುತ್ತಾಳೆ.

ಕಾಕಾ ಹಠಕ್ಕೆ ಬಿದ್ದ. ಹಳಿಯಾಳದ ಆಚೆ ಪರಿಚಯದವರ ಹೊಲಕ್ಕೆ ಹಂದಿ ನುಗ್ಗುತ್ತವೆಂದು ಸುದ್ದಿ ತಂದ. ಬಿಸಿಲುಗಾಲ, ಹೊಡೆದದ್ದು ಹುಬ್ಬಳ್ಳಿಯ ತನಕ ಉಳಿಯಬೇಕಲ್ಲ? ಬೇಟೆಗೆ ಬರುವ ಬಿಳಿ ಸಾಹೇಬರ ಉಪಾಯ ಅವನಿಗೆ ಗೊತ್ತಿತ್ತು. ಒಳಗೆ ತಗಡು ಬಡಿದ ಚಹಾದ ಪೆಟ್ಟಿಗೆ, ಅದರೊಳಗೆ ಹೊಟ್ಟು, ಹೊಟ್ಟಿನಲ್ಲಿ ಹುಬ್ಬಳ್ಳಿಯ ಬರ್ಫದ ದೊಡ್ಡ ಗಡ್ಡೆ, ಮೇಲೆ ಒದ್ದೆ ಗೋಣಿತಟ್ಟು. ಪೆಟ್ಟಿಗೆ ಕಾಯಲು ಒಬ್ಬ ಬೇಕಾಗಿತ್ತು. ನಮ್ಮದು ಲಿಂಗವಂತರ ಮನೆ, ಬೆಳ್ಳುಳ್ಳಿಯನ್ನು ಕೂಡ ಸೋಮವಾರ ಹೊರಗಿಡುವವರು. ಆದರೂ ಹೊರಟೆ. ಮನೆಯಲ್ಲಿ, ಮದುವೆಯ ಹಂದರಕ್ಕೆ ಬಿದಿರಿನ ಗಳ ನೋಡಲು ಕಾಕಾನ ಸಂಗಡ ಹೋಗುತ್ತೇನೆಂದು ಹೇಳಿದೆ. ನಿಜ ಹೇಳಬೇಕೆಂದರೆ ಬಂದೂಕಿನ ಸದ್ದನ್ನು ಹತ್ತಿರದಿಂದ ಕೇಳಿ ತೆಗೆಯಲು ಕಲಿಯಬೇಕಾಗಿತ್ತು.

ಶಿಕಾರಿಯ ವಿಷಯ ಸಣ್ಣದು. ನಸುಕಿನಲ್ಲಿ ಹೊಲದ ಬದುವಿಗೆ ಅಡಗಿ ಕುಳಿತಿದ್ದೆವು. ಹಂದಿ ಬಂತು, ನಿಂತಿತು, ನಮ್ಮನ್ನು ನೋಡಿ ಬೇಸರಪಟ್ಟಂತೆ ಮುಖ ತಿರುಗಿಸಿತು. ಕಾಕಾ ಗುರಿ ಹಿಡಿದೇ ಕುಳಿತ. ನನಗೆ ತಡೆಯಲಾಗಲಿಲ್ಲ. ಅವನ ಕಿವಿಯಲ್ಲಿ ಬೀಗರ ಧ್ವನಿ ತೆಗೆದು, “ಜಾಧವರಾವ್, ಬಂದೂಕ ಕುಂಕುಮಾ ಹಚ್ಚಾಕಷ್ಟ ಇಟ್ಟೀರೇನು?” ಎಂದೆ. ಕಾಕಾ ಸಿಟ್ಟಿನಿಂದ ಬಂದೂಕಿನ ಕುದುರೆ ಎಳೆದ. ಗುಂಡು ಬೀಗರಿಗೆ ಹೊಡೆದದ್ದು. ಹಂದಿ ನಡುವೆ ಇತ್ತು, ಸತ್ತಿತು.

ಊರವರ ಪಾಲು ಊರವರಿಗೆ ಕೊಟ್ಟು ಎರಡು ತೊಡೆ ನಾವು ತೆಗೆದುಕೊಂಡೆವು. ಮೇಲೆ ಇಡೀ ಹಂದಿ ಎಂದೆನೇ? ಶಿಕಾರಿಯವರ ಸಹವಾಸ, ನಾಲಗೆಗೆ ಹತ್ತಿದೆ. ತೊಡೆಗಳನ್ನು ತೇಗದ ಎಲೆಯಲ್ಲಿ ಸುತ್ತಿ, ಮೇಣಬಟ್ಟೆಯಲ್ಲಿ ಗಂಟು ಕಟ್ಟಿ, ಪೆಟ್ಟಿಗೆಯ ತಳಕ್ಕಿಟ್ಟು, ಉಳಿದ ಬರ್ಫವನ್ನು ಮೇಲೆ ಹೇರಿ ಬಸ್ಸು ಹತ್ತಿದೆವು.

ಆಗ ಯುದ್ಧದ ಕಾಲ. ಪೆಟ್ರೋಲು ಸಿಪಾಯಿಗಳಿಗೆ, ಇದ್ದಲಿ ನಮಗೆ. ಬಸ್ಸಿನ ಬೆನ್ನಿಗೆ ಆಳೆತ್ತರದ ಒಂದು ಕಬ್ಬಿಣದ ಒಲೆ. ಅದರಲ್ಲಿ ಇದ್ದಲಿ ಕೆಂಡವಾಗಿ, ಕೆಂಡದಿಂದ ಗ್ಯಾಸು ಹುಟ್ಟಿ, ಆ ಗ್ಯಾಸಿಗೆ ಮನಸ್ಸಾದರೆ ಬಸ್ಸು ಮುಂದಕ್ಕೆ ಹೋಗುತ್ತಿತ್ತು. ಏರು ಬಂತೆಂದರೆ ಎಲ್ಲರೂ ಇಳಿದು ನೂಕಬೇಕು. ಟಿಕೀಟು ಕೊಂಡವರೇ ಎತ್ತುಗಳಾಗುವ ವಾಹನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಕಾಕಾ ಬಂದೂಕು ಹಿಡಿದು ಮುಂದೆ ಡ್ರೈವರನ ಮಗ್ಗುಲಿಗೆ ಕುಳಿತ. ಅವರಿಗೂ ನಮಗೂ ನಡುವೆ ಹಲಗೆಯ ಅಡ್ಡಗೋಡೆ. ನಾನು, ಪೆಟ್ಟಿಗೆ ಹಿಂದಿನ ಸಾಲಿನಲ್ಲಿ.

ದಾರಿಯ ಒಂದು ಹಳ್ಳಿಯಲ್ಲಿ ಬಸ್ಸು ನಿಂತಾಗ ಹತ್ತಿದವಳು ನೀಲವ್ವತ್ತಿ. ಅಪ್ಪನ ಅಕ್ಕ, ಉಪ್ಪಿನಬೆಟಗೇರಿಯವಳು. ಮಗಳ ಬಾಣಂತನ ಮುಗಿಸಿ ಹೊರಟಿದ್ದಳು. ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಮಗಳು ಉಡುಗೊರೆ ಕೊಟ್ಟ ಹೊಸ ಸೀರೆಯ ಗಂಟು. ಇಡೀ ಓಣಿ ಅಪ್ಪನಿಗೆ ಅಂಜುತ್ತದೆ, ಅಪ್ಪ ಅಂಜುವುದು ಅವಳೊಬ್ಬಳಿಗೆ. ನನ್ನನ್ನು ಕಂಡದ್ದೇ, ಊರಿಗೆ ಆಮೇಲೆ ಹೋದರಾಯಿತು, ತಮ್ಮನನ್ನು ನೋಡಿಕೊಂಡು ಬರುತ್ತೇನೆಂದು ನನ್ನ ಪಕ್ಕದಲ್ಲಿಯೇ ಕುಳಿತಳು. ಬಿದಿರಿನ ಗಳದ ಕಥೆಯನ್ನು ಹೇಳಿದೆ. ನಂಬಿದಳು. ಅಷ್ಟರಲ್ಲಿ ಪೆಟ್ಟಿಗೆಯ ನೀರು ಅವಳ ಕಾಲಿಗೆ ಹರಿಯಿತು.

“ಪೆಟ್ಟಿಗ್ಯಾಗ ಏನೈತೋ ಮಲ್ಲ್ಯಾ, ಸೋರಾಕತ್ತೈತಿ?”

ಅರ್ಧ ಸತ್ಯ ಹೇಳಿದರೆ ಸುಳ್ಳಿನ ಪಾಪವಿಲ್ಲ ಎಂದುಕೊಂಡು, “ಬರ್ಫ, ಅತ್ತಿ” ಎಂದೆ.

“ಬರ್ಫಿ? ಯಾರಿಗೋ?”

ಇಲ್ಲಿ ನೋಡಿ, ಇಲ್ಲಿ ನಾನು ತಿದ್ದಬೇಕಾಗಿತ್ತು. ಹತ್ತು ಊರಿನ ಹತ್ತು ಮಂದಿ ‘ಹೌದು’ ಎನ್ನುವುದನ್ನು ಹತ್ತು ಬಗೆಯಲ್ಲಿ ಒದರಿ ತೋರಿಸುವ ನನಗೆ ಒಂದು ಇಕಾರವನ್ನು ಕತ್ತರಿಸಲಾಗಲಿಲ್ಲ. ತಿದ್ದಿದರೆ ಬರ್ಫ ಯಾಕೆ ಎಂದು ಕೇಳುವಳು. ಯಾಕೆ ಎಂದು ಹೇಳಿದರೆ ಲಿಂಗ ಧರಿಸಿದವಳ ಕಾಲ ಬುಡಕ್ಕೆ ಹಂದಿಯ ತೊಡೆ ಇಟ್ಟವನಾಗುತ್ತೇನೆ. “ಜಾಧವ ಕಾಕಾನ ಬೀಗರಿಗೆ” ಎಂದುಬಿಟ್ಟೆ.

ಸಕ್ಕರೆಗೆ ಕಂಟ್ರೋಲು ಬಂದಿದ್ದ ದಿನಗಳು. ಬೆಲ್ಲದ ಚಹಾ ಕುಡಿದು ಕುಡಿದು ನಾಲಗೆ ಕಂದಿದ ಮಂದಿ. ಒಂದು ಪೆಟ್ಟಿಗೆ ಬರ್ಫಿ ಎಂಬ ಮಾತು ಸಾಲಿನಿಂದ ಸಾಲಿಗೆ ಹರಿಯಿತು. ಬಸ್ಸಿನಲ್ಲಿದ್ದವರೆಲ್ಲ ಒಮ್ಮೆ ತಿರುಗಿ ಪೆಟ್ಟಿಗೆಗೆ ದರ್ಶನ ಕೊಟ್ಟರು, ಇಲ್ಲ, ಪೆಟ್ಟಿಗೆಯ ದರ್ಶನ ಪಡೆದರು. ಯಾರೂ ಒಂದು ತುಣುಕು ಕೇಳಲಿಲ್ಲ, ಅದನ್ನು ಹೇಳಲೇಬೇಕು. ಬೀಗರಿಗೆ ಒಯ್ಯುವುದು ಮೀಸಲು. ಅದನ್ನು ಅವರಿಗಿಂತ ಮೊದಲು ಬಿಚ್ಚಬಾರದು, ಮೂಸಬಾರದು. ನನ್ನ ಸುಳ್ಳನ್ನು ಮುಚ್ಚಿಟ್ಟದ್ದು ನನ್ನ ಜಾಣತನವಲ್ಲ, ನಮ್ಮ ಮಂದಿಯ ಮರ್ಯಾದೆ.

ಧಾರವಾಡ ಇನ್ನೂ ದೂರವಿರುವಾಗಲೇ ಒಲೆಯ ಬೆಂಕಿ ಆರಿತು. ಕ್ಲೀನರು ಪಂಖ ತಿರುವುತ್ತ ನಿಂತ. ಜನ ಇಳಿದು ಹುಣಸೆಯ ಮರದ ನೆರಳಿಗೆ ಹೋದರು. ಒಬ್ಬರು ನನ್ನ ಗುರುತು ಹಿಡಿದು, ಬಸ್ಸಿನ ಧ್ವನಿ ತೆಗೆ ನೋಡೋಣ ಎಂದರು. ನೆರಳು, ನಗುವ ಮಂದಿ, ಬಸ್ಸಿನಂಥ ವಸ್ತು. ನನಗೆ ಮತ್ತೇನು ಬೇಕು? ಮೊದಲು ಬಸ್ಸಿನ ಕೆಮ್ಮು ತೆಗೆದೆ, ಆಮೇಲೆ ಅದರ ಏದುಸಿರು, ಏರಿನಲ್ಲಿ ಅದು ಅಳುವ ಬಗೆ, ಇಳಿಜಾರಿನಲ್ಲಿ ಅದಕ್ಕೆ ಬರುವ ಸೊಕ್ಕು. ಕಾಕಾ ಕೂಡ ಬಂದು ನಕ್ಕು ಹೋದ. ಎಷ್ಟು ಹೊತ್ತಾಯಿತೆಂದು ನನಗೆ ತಿಳಿಯಲಿಲ್ಲ. ಒಂದು ಸಣ್ಣ ಹುಡುಗಿ ಬಂದು, ಚಲೋ ಒದರಿದೆ ಎಂದು ಮೆಚ್ಚಿ, ನನ್ನ ಕೈಗೆ ಬರ್ಫದ ಒಂದು ತುಂಡು ಕೊಟ್ಟಿತು. ಬಾಯಿಗೆ ಹಾಕಿಕೊಂಡೆ. ಸ್ವರ್ಗ. ಅದನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸುತ್ತ, ಇಂಥ ಬಿಸಿಲಿನಲ್ಲಿ ಇಂಥ ಅಡವಿಯಲ್ಲಿ ಬರ್ಫ ಎಲ್ಲಿಂದ ಬಂತೆಂದು ಬೆರಗಿನಿಂದ ಕೇಳಿದೆ.

ಹುಡುಗಿ ಬಸ್ಸಿನ ಕಡೆ ಬೆರಳು ಮಾಡಿತು.

ಒಳಗೆ ನಡೆದದ್ದು ಇಷ್ಟು. ಪೆಟ್ಟಿಗೆಯಿಂದ ನೀರು ಸೋರುವುದನ್ನು ಅತ್ತೆಗೆ ನೋಡಲಾಗಲಿಲ್ಲ. ಅವಳು ಊರಿನಲ್ಲಿ ಹಬ್ಬದ ಸಿಹಿಗಳಿಗೆಲ್ಲ ಕೈ ಹಾಕುವವಳು. ಬರ್ಫಿಗೆ ಹನಿ ನೀರು ತಾಗಿದರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಮುಚ್ಚಳ ತೆಗೆದು ನೋಡಿದರೆ ಒದ್ದೆ ಹೊಟ್ಟು, ಅದರಲ್ಲಿ ಬರ್ಫದ ಗಡ್ಡೆ. ಎದುರು ಕುಳಿತಿದ್ದ ಧಾರವಾಡದ ಮಾಸ್ತರರೊಬ್ಬರು ಇದೇ ಸಮಯವೆಂದು ಪಾಠಕ್ಕೆ ನಿಂತರು: ಬರ್ಫ ಎಂಬುದು ಪಾರಸಿ ಮಾತು, ಬರ್ಫದ ಹಾಗೆ ಬೆಳ್ಳಗಿದೆ ಎಂದೇ ಅದಕ್ಕೆ ಬರ್ಫಿ ಎಂದು ಹೆಸರು, ಎರಡೂ ಒಂದೇ ಮನೆತನದವು, ಒಂದೇ ಪೆಟ್ಟಿಗೆಯಲ್ಲಿ ಇರುವುದು ಸಹಜ. ಅತ್ತೆ ವಿಭೂತಿಯ ಹಣೆಯನ್ನು ಗೌರವದಿಂದ ಬಾಗಿಸಿ ಕೇಳಿಸಿಕೊಂಡು, “ಮನಿತಾನ ಒಂದ ಇರಬಹುದು ಮಾಸ್ತರ, ಒದ್ದಿ ಆದ್ರ ಬರ್ಫಿ ಹಿಟ್ಟ ಆಗತೈತಿ” ಎಂದಳು. ಇನ್ನಿಬ್ಬರು ಹೆಂಗಸರು ಸೆರಗು ಕಟ್ಟಿ ಕೈಗೂಡಿಸಿದರು. ಹೊಟ್ಟು ರಸ್ತೆಗೆ ಹೋಯಿತು, ಬರ್ಫ ಮಕ್ಕಳಿಗೆ ಹೋಯಿತು.

ನಾನು ಓಡಿಬಂದಾಗ ಅತ್ತೆ ಬೆವರು ಒರೆಸಿಕೊಳ್ಳುತ್ತಿದ್ದಳು.

“ಯಾವ ಶ್ಯಾಣ್ಯಾ ಇಟ್ಟಿದ್ನೋ, ಬರ್ಫೀ ಮ್ಯಾಲ ನೀರಗಡ್ಡಿ? ಎಲ್ಲಾ ತಗದ ಚೆಲ್ಲೇನಿ. ಗಂಟಿಗೆ ನನ್ನ ಒಣಾ ಸೀರಿ ಸುತ್ತಿ, ಒಲಿ ಮಗ್ಗಲಕ ಸರಿಸಿ ಇಟ್ಟೇನಿ. ಇನ್ನ ಬೆಚ್ಚಗ ಊರು ಮುಟ್ಟತೈತಿ, ಕಾಳಜಿ ಮಾಡಬ್ಯಾಡ.”

ಮಗಳು ಕೊಟ್ಟ ಹೊಸ ಸೀರೆ, ಇನ್ನೂ ಮಡಿಕೆ ಬಿಚ್ಚದ್ದು. ಅದರಲ್ಲಿ ಸುತ್ತಿಕೊಂಡು ಹಂದಿಯ ತೊಡೆಗಳು ಇದ್ದಲಿಯ ಒಲೆಗೆ ಆತುಕೊಂಡು ಬಾಣಂತಿಯ ಹಾಗೆ ಕಾಯಿಸಿಕೊಳ್ಳುತ್ತಿದ್ದವು. ನನ್ನ ಬಾಯಲ್ಲಿ ಬರ್ಫ ಇನ್ನೂ ಕರಗಿರಲಿಲ್ಲ.

ಮುಂದಿನ ದಾರಿಯನ್ನು ನಾನು ಮಾಸ್ತರರ ಪತ್ರಿಕೆಯಿಂದ ಗಂಟಿಗೆ ಗಾಳಿ ಹಾಕುತ್ತ ಕಳೆದೆ. ಹುಡುಗನಿಗೆ ಬೀಗರ ಮರ್ಯಾದೆಯ ಮೇಲೆ ಎಷ್ಟು ಆಸ್ಥೆ ನೋಡಿರಿ ಎಂದು ಅತ್ತೆ ಎಲ್ಲರಿಗೂ ತೋರಿಸಿದಳು. ಮುಂದೆ ಕಾಕಾ ಡ್ರೈವರನಿಗೆ ಶಿಕಾರಿಯ ಕಥೆ ಹೇಳುತ್ತಿದ್ದ. ಹಳಿಯಾಳದಲ್ಲಿ ಕರುವಿನಷ್ಟಿದ್ದ ಹಂದಿ ಧಾರವಾಡಕ್ಕೆ ಬರುವಷ್ಟರಲ್ಲಿ ಎಮ್ಮೆಯಷ್ಟಾಗಿತ್ತು. ಮುಂದೆ ಅದು ಬೆಳೆಯುತ್ತಿತ್ತು, ಹಿಂದೆ ಅದು ಬೇಯುತ್ತಿತ್ತು.

ಧಾರವಾಡದಲ್ಲಿ ಬಸ್ಸು ನಿಂತಾಗ ಬರ್ಫ ಹುಡುಕಿದೆ. ಕಂಟ್ರೋಲಿನ ದೆಸೆಯಿಂದ ಫೇಡೆಯ ಅಂಗಡಿಗಳೇ ಅರ್ಧ ಮುಚ್ಚಿದ್ದವು, ಬರ್ಫ ಎಲ್ಲಿಯದು. ಧೈರ್ಯ ಮಾಡಿ ಕಾಕಾನ ಹತ್ತಿರ ಹೋದೆ. ಬರ್ಫ ಹೇಗಿದೆ ಎಂದು ಅವನೇ ಕೇಳಿದ.

“ಮಂದಿಗೆ ಭಾಳ ಸೇರಿತು, ಕಾಕಾ” ಎಂದೆ.

ಕಾಕಾ ಬಿದ್ದುಬಿದ್ದು ನಕ್ಕ. ನನ್ನ ಬೆನ್ನಿಗೆ ಹೊಡೆದು, ನಿನ್ನ ಬಾಯಿಗೆ ಬೀಗ ಹಾಕಬೇಕು ಎಂದ. ಹುಟ್ಟಿದಾಗಿನಿಂದ ಎಲ್ಲರನ್ನೂ ಅಣಕಿಸಿದವನು ಒಂದು ದಿನ ಸತ್ಯ ಹೇಳಿದರೆ ಅದೂ ಅಣಕವೇ ಆಗುತ್ತದೆ. ಮೇಲೆ ಶಿಕ್ಷೆ ಎಂದೆನಲ್ಲ, ಅದು ಇದೇ.

ಸಂಜೆ ಓಣಿ ಮುಟ್ಟುವ ಮೊದಲೇ ನಾಯಿಗಳಿಗೆ ಸುದ್ದಿ ಮುಟ್ಟಿತ್ತು. ಕಾಕಾನ ಅಂಗಳದಲ್ಲಿ ಪೆಟ್ಟಿಗೆ ಇಳಿಸಿದೆವು. ಕಾಕಾನ ಹೆಂಡತಿ ಕಾಕು ಹೊಸ ಮಸಾಲೆ ಕುಟ್ಟಿ ಇಟ್ಟಿದ್ದಳು. ಶಾಂತಾ ಬಾಗಿಲಿಗೆ ಒರಗಿ ನಿಂತಿದ್ದಳು. ನೀಲವ್ವತ್ತಿ ನಮ್ಮ ಕಟ್ಟೆಯ ಮೇಲಿನಿಂದ, ಒಂದು ಹನಿ ನೀರಿಲ್ಲದ ಹಾಗೆ ತಂದಿದ್ದೇನೆ ನೋಡಿರಿ ಎಂದು ಅಭಿಮಾನದಿಂದ ಹೇಳಿದಳು. ಕಾಕಾ ಸೀರೆ ಬಿಚ್ಚಿದ. ಮೇಣಬಟ್ಟೆ ಬಿಚ್ಚಿದ. ಆ ವಾಸನೆಯ ಧ್ವನಿ ತೆಗೆಯಲು ನನಗೆ ಬರುವುದಿಲ್ಲ, ನೀವೇ ಊಹಿಸಿಕೊಳ್ಳಿ. ಕಾಕಾ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತ. ಶಾಂತಾ ಒಳಗೆ ಹೋದಳು. ಒಳಗಿನ ಬಾಗಿಲು ಹಾಕಿದ ಸದ್ದು ಮಾತ್ರ ಕೇಳಿಸಿತು.

ಅತ್ತೆ ಕಟ್ಟೆ ಇಳಿದು ಬಂದು ಗಂಟನ್ನು ನೋಡಿದಳು, ಸೀರೆಯನ್ನು ನೋಡಿದಳು, ಕಡೆಗೆ ನನ್ನನ್ನು ನೋಡಿದಳು.

“ಬರ್ಫಿ ಅಂದಿದ್ದಿ.”

“ಬರ್ಫ ಅಂದಿದ್ದೆ, ಅತ್ತಿ.”

“ಹಂಗಾರ ತಪ್ಪು ಕಿವೀದು” ಎಂದು ಹೇಳಿ ಅವಳು ಕಿವಿ ಹಿಂಡಿದಳು. ನನ್ನದು.

ಆಮೇಲೆ ತಲೆಯ ಮೇಲೆ ನೀರು ಹಾಕಿಕೊಂಡಳು, ಬಹಳ ಹೊತ್ತು ಲಿಂಗಪೂಜೆ ಮಾಡಿದಳು. ಇನ್ನು ಅಪ್ಪನೆದುರು ನನ್ನ ವಿಚಾರಣೆ ಎಂದು ನಾನು ಕಾಳಿನ ಚೀಲಗಳ ಹಿಂದೆ ಅಡಗಿದ್ದೆ. ಅವಳು ಅಪ್ಪನ ಹತ್ತಿರ ಹೋಗಲೇ ಇಲ್ಲ. ನೇರ ಕಾಕಾನ ಅಂಗಳಕ್ಕೆ ಹೋಗಿ, ಗೋಡೆಯ ಈಚೆಗೆ ನನಗೂ ಕೇಳುವ ಹಾಗೆ ಹೇಳಿದಳು:

“ಜಾಧವರ, ಕೆಡಿಸಿದಾಕಿ ನಾನು. ಹುಡುಗಿ ಮದವಿ ನನ್ನ ಕೈಯಾಗ ಕೆಡಬಾರದು. ನಾಳಿ ಬೀಗರ ಊಟ ನಮ್ಮ ಮನ್ಯಾಗಿಂದ ಬರತೈತಿ.”

ಬಜಾರದಿಂದ ಮಟನ್ ತರಿಸಿದರೆ ಸೋತಂತೆ, ತಂದು ಶಿಕಾರಿ ಎಂದರೆ ಮೋಸ. ಕಾಕಾನಿಗೆ ಬೇರೆ ದಾರಿ ಇರಲಿಲ್ಲ, ತಲೆಯಾಡಿಸಿದ. ಮರುದಿನ ನಸುಕಿನಿಂದ ನಮ್ಮ ಅಡಿಗೆಮನೆಯಲ್ಲಿ ಎರಡು ಒಲೆ ಉರಿದವು. ಗೋಧಿ ಕುಟ್ಟುವ ಕೆಲಸ ನನಗೆ ಬಂತು. ಕುಟ್ಟುವ ಧ್ವನಿಯನ್ನು ಬಾಯಿಂದ ತೆಗೆದು ತಪ್ಪಿಸಿಕೊಳ್ಳಲು ನೋಡಿದೆ, ನಡೆಯಲಿಲ್ಲ. ಬೆಲ್ಲದ ಗೋಧಿ ಹುಗ್ಗಿ, ಮೇಲೆ ತುಪ್ಪ, ಎಣ್ಣೆಗಾಯಿ ಬದನೆ, ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಬಡಿಸಲು ಅತ್ತೆ ತಾನೇ ಹೋದಳು.

ಬೀಗರು ಎಲೆ ನೋಡಿ ಮೀಸೆ ಮುಟ್ಟಿಕೊಂಡರು. ಆದರೆ ಉಂಡರು. ಹುಗ್ಗಿಯನ್ನು ಬೇಡ ಬೇಡ ಎನ್ನುತ್ತ ಮತ್ತೆ ಮತ್ತೆ ಉಂಡರು. ಉಣ್ಣುವ ನಡುವೆ ಖಾನಾಪುರದ ಅಡವಿಯಲ್ಲಿ ತಾವು ಹೊಡೆದ ಹುಲಿಯನ್ನು ಇನ್ನೊಮ್ಮೆ ಹೊಡೆದರು. ಕೊನೆಗೆ ಬೆರಳು ನೆಕ್ಕಿ, ಶಿಕಾರಿ ಎಲ್ಲಿ ಎಂದು ಕೇಳಿದರು. ಕಾಕಾ ಎದ್ದು ನಿಂತು, ಹೊಡೆದಿದ್ದೆ, ದಾರಿಯಲ್ಲಿ ಕೆಟ್ಟಿತು ಎಂದು ಇದ್ದದ್ದನ್ನು ಹೇಳಿದ. ನನ್ನ ಹೆಸರನ್ನಾಗಲಿ ಅತ್ತೆಯ ಹೆಸರನ್ನಾಗಲಿ ಎತ್ತಲಿಲ್ಲ. ಬೀಗರು ಗಂಡಸರ ಕಡೆ ನೋಡಿ ನಕ್ಕರು. “ಹೊಡೀದವರೆಲ್ಲಾ ಇದನ್ನ ಹೇಳತಾರ ಬಿಡ್ರಿ. ನನ್ನ ಜಿಂದಗಾನ್ಯಾಗ ನಾ ಹೊಡದ ಒಂದು ಶಿಕಾರೀನೂ ದಾರ್ಯಾಗ ಕೆಟ್ಟಿಲ್ಲ.”

ಅದಕ್ಕೆ ಬಂದ ಉತ್ತರವನ್ನು ಹೇಳುವ ಮೊದಲು ಆಮೇಲಿನದನ್ನು ಹೇಳಿ ಮುಗಿಸುತ್ತೇನೆ, ಏಕೆಂದರೆ ಆ ಮಾತಿನ ಮೇಲೆ ನನ್ನ ಮಾತು ನಿಲ್ಲುವುದಿಲ್ಲ. ಮೊದಲು ನಕ್ಕವರು ಬಾಗಿಲ ಮರೆಯಲ್ಲಿದ್ದ ಬೀಗಿತ್ತಿ, ಹುಡುಗನ ತಾಯಿ. ಎಷ್ಟೋ ವರ್ಷದಿಂದ ಕೂಡಿಟ್ಟ ನಗು ಅದು. ಆಮೇಲೆ ಹುಡುಗ ನಕ್ಕ, ತಂದೆಯ ಎದುರೇ. ಕಟ್ಟಕಡೆಗೆ ಮೀಸೆಯೂ ಅಲುಗಿತು. ಅದೇ ಚಾಪೆಯ ಮೇಲೆ ವೀಳ್ಯ ಬದಲಾಯಿತು. ಮದುವೆಯಲ್ಲಿ ಕಾಕು ನೀಲವ್ವತ್ತಿಗೆ ಇಳಕಲ್ ಸೀರೆ ಉಡಿಸಿದಳು. ಮೊನ್ನೆ ನನ್ನ ಅಂಗಿ ಜಗ್ಗಿದ ಕೂಸು ತವರಿಗೆ ಬಂದಿರುವ ಶಾಂತಾಳದೇ. ಬಂದೂಕು ಮತ್ತೆ ಗೋಡೆ ಏರಿ ಸಾಧುವಾಗಿದೆ.

ಆ ಮಾತನ್ನು ನಾನು ಎಷ್ಟೋ ಕಡೆ ಅತ್ತೆಯ ಧ್ವನಿಯಲ್ಲಿ ತೆಗೆದು ತೋರಿಸಿದ್ದೇನೆ, ಅವಳ ಹಾಗೆ ಬಂದಿಲ್ಲ. ಅವಳು ಧ್ವನಿ ಏರಿಸಲಿಲ್ಲ. ಬೀಗರ ಮುಖವನ್ನೂ ನೋಡಲಿಲ್ಲ. ಬಾಗಿ ಅವರ ಎಲೆಗೆ ಇನ್ನೊಂದು ಸೌಟು ಹುಗ್ಗಿ ಬಡಿಸುತ್ತ, ಆ ಹುಗ್ಗಿಗೇ ಹೇಳಿದ ಹಾಗೆ ಹೇಳಿದಳು:

“ಬಾಯಿಲೆ ಹೊಡದ ಶಿಕಾರಿ ಹೆಂಗ ಕೆಡತೈತ್ರಿ, ಬೀಗರ? ಅದಕ್ಕ ಬರ್ಫೂ ಬ್ಯಾಡ, ಬರ್ಫೀನೂ ಬ್ಯಾಡ.”